ವಕ್ಕಲೇರಿಯ ಸ್ಟಾಪರನ್ನು ಕೈಬಿಟ್ಟ ಬೇಸಿಗೆ

ಮದುವೆಯಾಗಿ ಯಲ್ದೂರಿನಿಂದ ಕೋಲಾರಕ್ಕೆ ಬಂದಾಗ ನಾವು ಹಿಡಿದ ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿತ್ತು. ಅದರ ತಾರಸಿಯಿಂದ ನೋಡಿದರೆ ನೇರ ಕೆಳಗೆ ಆಟದ ಮೈದಾನ. ಕಚೇರಿಯಿಂದ ಬಂದು ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದವಳು ಮೊದಮೊದಲು ಐದು ನಿಮಿಷ ನಿಂತು ನೋಡುತ್ತಿದ್ದೆ. ಆಮೇಲೆ ಅರ್ಧ ಗಂಟೆ. ಒಂದು ವರ್ಷ ಕಳೆಯುವಷ್ಟರಲ್ಲಿ ಕುರ್ಚಿಯೇ ತಾರಸಿಗೆ ಹೋಗಿತ್ತು. ಫುಟ್‌ಬಾಲ್ ಅಂದರೆ ಏನೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಫ್‌ಸೈಡ್ ಅನ್ನುವುದು ತಲೆಗೆ ಹತ್ತಲು ಎರಡು ವರ್ಷ ಹಿಡಿಯಿತು. ಆದರೆ ಮೇಲಿನಿಂದ ನೋಡುವವರಿಗೆ ಒಂದು ಅನುಕೂಲವಿದೆ. ಗೆರೆಯ ಪಕ್ಕ ನಿಂತವರಿಗೆ ಚೆಂಡು ಕಾಣುತ್ತದೆ, ಚೆಂಡು ಇರುವವನು ಕಾಣುತ್ತಾನೆ. ಮೇಲಿನವರಿಗೆ ಖಾಲಿ ಜಾಗ ಕಾಣುತ್ತದೆ. ಯಾರು ಎಲ್ಲಿರಬೇಕಿತ್ತು, ಅಲ್ಲಿ ಯಾಕಿಲ್ಲ ಅನ್ನುವುದು ರಂಗೋಲಿಯಲ್ಲಿ ಚುಕ್ಕಿ ತಪ್ಪಿದ ಹಾಗೆ ಕಣ್ಣಿಗೆ ಹೊಡೆಯುತ್ತದೆ.

ಆ ಮೈದಾನದ ತಂಡದಲ್ಲಿ ಸುತ್ತಮುತ್ತಲಿನ ಊರುಗಳ ದುಡಿಯುವ ಹುಡುಗರೇ ಇದ್ದರು. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು, ಮಾಲೂರಿನ ಕಾರ್ಖಾನೆಯಲ್ಲಿ ಪಾಳಿ ಮಾಡುವವನು, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವ ಇಬ್ಬರು ಅಣ್ಣತಮ್ಮಂದಿರು. ಇವರನ್ನೆಲ್ಲ ಕಟ್ಟಿಕೊಂಡು ತಂಡ ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಪಿ.ಟಿ. ಮೇಷ್ಟ್ರು. ಕುತ್ತಿಗೆಗೆ ಸೀಟಿ, ತಲೆಗೆ ಬಿಳಿ ಟೋಪಿ, ಮಾತು ಮಾತ್ರ ಬಹಳ ಮೆತ್ತಗೆ. ದೀಪಾವಳಿ ಕಳೆದ ಮೇಲೆ ಜಿಲ್ಲೆಯ ಲೀಗ್ ಪಂದ್ಯಗಳು ಶುರುವಾದರೆ ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತಿದ್ದವು. ಅಲ್ಲಿಂದ ಮುಂದಿನ ದಸರಾವರೆಗೆ ಮೈದಾನ ಕಾರು ಕಲಿಯುವವರ ಪಾಲು. ಹುಡುಗರು ಮಾವಿನ ತೋಪುಗಳಿಗೋ ಮಂಡಿಗೋ ಹೋಗಿಬಿಡುತ್ತಿದ್ದರು.

ಬೇರೆಯವರಿಗೆ ಆಟ ಮುಗಿಯುತ್ತಿದ್ದ ಆ ಬೇಸಿಗೆಯಲ್ಲೇ ನನಗೆ ಇನ್ನೊಂದು ಆಟ ಶುರುವಾಗುತ್ತಿತ್ತು. ಮುಂದಿನ ವರ್ಷ ತಂಡ ಹೇಗಿರಬೇಕು? ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ತರಬೇಕು, ಯಾರ ಕಾಲ ಮುಗಿಯಿತು? ಅನ್ನಕ್ಕೆ ಇಟ್ಟು, ಸಾರಿಗೆ ಒಗ್ಗರಣೆ ಹಾಕುತ್ತ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಇದನ್ನೇ ಯೋಚಿಸುತ್ತಿದ್ದೆ. ಅಭಿಮಾನಿಗಳಿಗೆ ಇದಕ್ಕಿಂತ ಸುಖದ ಕೆಲಸ ಇಲ್ಲ. ಸೋಲಿಲ್ಲ, ಗಾಯವಿಲ್ಲ. ಎಲ್ಲರೂ ನಾವು ನಿಲ್ಲಿಸಿದ ಜಾಗದಲ್ಲೇ ನಿಲ್ಲುತ್ತಾರೆ.

ನನ್ನ ಅಭಿಪ್ರಾಯಗಳನ್ನು ಕೇಳುತ್ತಿದ್ದವರು ನಮ್ಮ ಯಜಮಾನರು ಒಬ್ಬರೇ. ಕೋರ್ಟಿನ ಎದುರು ಅವರದೊಂದು ಚಿಕ್ಕ ಝೆರಾಕ್ಸ್ ಅಂಗಡಿ. ಆಟದಲ್ಲಿ ಅವರಿಗೆ ಎಳ್ಳಷ್ಟೂ ಆಸಕ್ತಿಯಿಲ್ಲ.

“ಉಪ್ಪಿನಕಾಯಿಗೆ ಒಳ್ಳೆ ಕಾಯಿ ಆರಿಸ್ಕೊಂಡು ಬಾರೇ ಅಂದ್ರೆ ಟೈಮಿಲ್ಲ ಅಂತೀಯ. ಊರೋರ ಮಕ್ಕಳನ್ನ ಆರಿಸ್ತಾ ಕೂತಿದೀಯಲ್ಲೇ” ಅನ್ನುತ್ತಿದ್ದರು.

ಹಾಗೆ ಅನ್ನುತ್ತಲೇ ನನ್ನ ಮಾತನ್ನು ಅವರು ಒಮ್ಮೆ ಮೇಷ್ಟ್ರ ಕಿವಿಗೆ ಹಾಕಿಬಿಟ್ಟರು. ಆಟಗಾರರ ಅರ್ಜಿಗಳ ನಕಲು ತೆಗೆಸಲು ಮೇಷ್ಟ್ರು ಅಂಗಡಿಗೆ ಬಂದಿದ್ದರಂತೆ. ಆ ವರ್ಷ ನಮ್ಮ ತಂಡ ತುಂಬ ಪಂದ್ಯ ಸೋತಿತ್ತು. ಗೋಲು ಹೊಡೆಯಲು ಬೆಂಗಳೂರಿನ ಕಡೆಯಿಂದ ಮೂವರು ಫಾರ್ವರ್ಡ್‌ಗಳನ್ನು ತರಬೇಕೆಂದಿದ್ದೇನೆ ಎಂದು ಅವರು ಹೇಳಿದಾಗ ನಮ್ಮವರು, “ನಮ್ಮನೇಲಿ ಬೇರೆ ಥರ ಹೇಳ್ತಾರೆ ಸಾರ್. ಹೊಡೆಯೋರು ಸಾಕಂತೆ, ಬಿಟ್ಟುಕೊಡೋದು ನಿಲ್ಲಿಸ್ಬೇಕಂತೆ. ಕೊನೇ ಕಾಲು ಗಂಟೇಲಿ ಹಿಂದೆ ಬಾಗಿಲು ತೆರೆದಂಗೆ ಇರತ್ತಂತೆ” ಅಂದರಂತೆ. ಮೇಷ್ಟ್ರು ಕಾಗದ ಅಲ್ಲೇ ಬಿಟ್ಟು ಮರುದಿನ ನಮ್ಮ ಮನೆಗೇ ಬಂದರು.

ತಾರಸಿಗೆ ಕರೆದುಕೊಂಡು ಹೋಗಿ, ಹಪ್ಪಳದ ಹಾಳೆಯ ಅಂಚಿಗೆ ಇಟ್ಟಿದ್ದ ಕಲ್ಲುಗಳನ್ನೇ ತೆಗೆದು ನೆಲದ ಮೇಲೆ ಜೋಡಿಸಿ ನಾನು ನೋಡಿದ್ದನ್ನೆಲ್ಲ ತೋರಿಸಿದೆ. ಎದುರಾಳಿ ಚೆಂಡನ್ನು ಎತ್ತಿ ಹಿಂದೆ ಹಾಕಿದಾಗೆಲ್ಲ ನಮ್ಮವರು ತಿರುಗಿ ಓಡುವುದರೊಳಗೆ ಗೋಲಾಗುತ್ತಿತ್ತು. ಮೇಷ್ಟ್ರು ಮಂಡಿಯೂರಿ ಕೂತು ಕಲ್ಲುಗಳನ್ನು ನೋಡುತ್ತಲೇ ಇದ್ದರು.

“ಇಪ್ಪತ್ತೈದು ವರ್ಷದಿಂದ ಗೆರೆ ಪಕ್ಕಾನೇ ನಿಂತಿದೀನಮ್ಮ ನಾನು” ಅಂದರು. “ಈ ಸಲ ಪಟ್ಟಿ ಮಾಡೋಕೆ ನೀವೂ ಬನ್ನಿ.”

ಪಟ್ಟಿಯಲ್ಲಿ ಇಪ್ಪತ್ತು ಜನರಿಗೆ ಮಾತ್ರ ಜಾಗ. ಆಷಾಢ ಮುಗಿಯುವುದರೊಳಗೆ ಅದನ್ನು ಲೀಗಿನವರಿಗೆ ಕೊಡಬೇಕು. ಮೇಷ್ಟ್ರ ಮನೆಯ ಜಗಲಿಯಲ್ಲಿ ಭಾನುವಾರ ಭಾನುವಾರ ಕೂರುತ್ತಿದ್ದೆವು. ಮೇಷ್ಟ್ರು, ನಾನು, ತಂಡದ ಕ್ಯಾಪ್ಟನ್ ಆಗಿದ್ದ ಮಂಡಿಯ ಹುಡುಗ. ನನಗೆ ನನ್ನದೇ ಕೆಲವು ನಂಬಿಕೆಗಳಿದ್ದವು, ಈಗಲೂ ಇವೆ. ಒಂದು ಕೆಟ್ಟ ಪಂದ್ಯ ಆಡಿದನೆಂದು ಯಾರನ್ನೂ ಬಿಡಬಾರದು. ಒಂದು ಒಳ್ಳೆಯ ಪಂದ್ಯ ಆಡಿದನೆಂದು ಯಾರನ್ನೂ ತರಬಾರದು. ದೂರದ ಊರಿನ ಜಾಣನಿಗಿಂತ ದಿನಾ ಅಭ್ಯಾಸಕ್ಕೆ ಬರಬಲ್ಲ ಸಾಧಾರಣದವನು ಮೇಲು. ಹೊಸ ಮುಖ ನೋಡಬೇಕೆಂಬ ಆಸೆ ಅಭಿಮಾನಿಗಳ ದೊಡ್ಡ ಕಾಯಿಲೆ. ತಂಡಕ್ಕೆ ಬೇಕಾದದ್ದು ಹೊಸ ಮುಖವಲ್ಲ, ತೂತು ಮುಚ್ಚುವ ಕಾಲು. ಇಷ್ಟನ್ನೂ ನಾನು ಬಹಳ ಗಟ್ಟಿಯಾಗಿ ಹೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ಮಾತನ್ನು ಮೂರು ಜನ ಕೂತು ಕೇಳುತ್ತಿದ್ದರು. ಮೂರನೆಯವರು ಕಾಫಿ ತಂದ ಮೇಷ್ಟ್ರ ಹೆಂಡತಿ.

ತೂತು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಸಾಲಿನ ನಟ್ಟನಡುವೆ, ಗೋಲಿನ ಮುಂದೆ ನಿಲ್ಲುವವನನ್ನು ನಮ್ಮ ಕಡೆ ಸ್ಟಾಪರ್ ಅನ್ನುತ್ತಾರೆ. ನಮ್ಮ ಸ್ಟಾಪರ್ ವಕ್ಕಲೇರಿಯವರು. ವಯಸ್ಸು ಮೂವತ್ತಾರು ದಾಟಿತ್ತು. ಮನೆಯಲ್ಲಿ ನಾಲ್ಕು ಸೀಮೆಹಸು ಕಟ್ಟಿದ್ದರು. ಸಂಜೆ ಡೇರಿಗೆ ಹಾಲು ಹಾಕಿ, ಬೈಕಿನಲ್ಲಿ ಅಭ್ಯಾಸಕ್ಕೆ ಬರುತ್ತಿದ್ದರು. ನಾನು ಮೊದಲ ದಿನ ತಾರಸಿಯಲ್ಲಿ ನಿಂತಾಗ ನನಗೆ ಕೇಳಿಸಿದ್ದೇ ಅವರ ದನಿ. “ಬಿಡಬ್ಯಾಡ್ರೋ! ಎಡಕ್ಕೆ ನೋಡ್ಲಾ, ಎಡಕ್ಕೆ!” ಅನ್ನುವ ಆ ಕೂಗು ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಹದಿನಾಲ್ಕು ವರ್ಷ ಅವರು ಆ ಜಾಗ ಬಿಟ್ಟು ಕದಲಿರಲಿಲ್ಲ. ಆದರೆ ಹಿಂದಿನ ಎರಡು ವರ್ಷಗಳಿಂದ ಚೆಂಡು ತಲೆಯ ಮೇಲೆ ದಾಟಿತೆಂದರೆ ಮಂಡಿನೋವಿಗೆ ತಿರುಗಿ ಓಡಲು ಅವರ ಕೈಲಿ ಆಗುತ್ತಿರಲಿಲ್ಲ.

“ಲೋಡ್ ಟ್ರ್ಯಾಕ್ಟರ್ ತಿರುಗಿಸ್ದಂಗೆ ತಿರುಗ್ತಾರೆ” ಅಂದೆ ನಾನು. ಕ್ಯಾಪ್ಟನ್ ಹುಡುಗ ಜೋರಾಗಿ ನಕ್ಕ. ನನಗೂ ನನ್ನ ಮಾತು ಇಷ್ಟವಾಯಿತು. ಮೇಷ್ಟ್ರು ಮಾತ್ರ ನಗಲಿಲ್ಲ.

ಅವರ ಜಾಗಕ್ಕೆ ಯಾರು ಎಂಬ ಪ್ರಶ್ನೆಗೂ ಉತ್ತರ ನಾನೇ ಹುಡುಕಿದೆ. ನಮ್ಮ ಕಚೇರಿಯ ಡ್ರೈವರ್ ಮುಳಬಾಗಿಲಿನವರು. ಅವರ ಊರ ಕಡೆ ಒಬ್ಬ ಹುಡುಗ ಲಗೇಜ್ ಆಟೋ ಓಡಿಸುತ್ತಾನೆ, ದಿನಾ ಕೋಲಾರದ ಮಂಡಿಗೆ ಟೊಮೆಟೊ ತರುತ್ತಾನೆ, ಬಾಲ್ ಆಡುವುದರಲ್ಲಿ ಅವನನ್ನು ದಾಟುವವರಿಲ್ಲ ಎಂದು ಹೇಳಿದ್ದರು. ಒಂದು ಭಾನುವಾರ ಮೇಷ್ಟ್ರೂ ನಾನೂ ಬಸ್ಸು ಹತ್ತಿ ಹೋದೆವು. ಊರಾಚೆ ಬಂಡೆಗಳ ಕೆಳಗೆ ಒಣಗಿದ ಕೆರೆಯಂಗಳ. ಅಲ್ಲಿ ಎರಡು ಹಳ್ಳಿಯವರು ಆಡುತ್ತಿದ್ದರು. ಗೋಲಿಗೆ ಸರ್ವೆ ಮರದ ಕಂಬ ನೆಟ್ಟಿದ್ದರು. ಅವನನ್ನು ಯಾರೂ ತೋರಿಸಬೇಕಾಗಲಿಲ್ಲ. ಎದುರಿನವನು ಚೆಂಡನ್ನು ಮುಂದೆ ಒದ್ದು ಓಡಿದರೆ ಇವನು ಹಿಂದಿನಿಂದ ಹೊರಟು ಮೊದಲೇ ಅಲ್ಲಿ ಇರುತ್ತಿದ್ದ. ತಿರುಗುವುದೋ, ಗಾಳಿಪಟ ತಿರುಗಿದ ಹಾಗೆ.

“ಕಾಲಿದೆ, ತಲೆ ಇಲ್ಲ” ಅಂದರು ಮೇಷ್ಟ್ರು. “ನೋಡಿ, ಬಾಲ್ ಎಲ್ಲಿದ್ರೆ ಅಲ್ಲಿಗೆ ಓಡ್ತಾನೆ.”

“ತಲೆ ಕಲಿಸ್ಬೋದು ಸಾರ್. ಕಾಲು ಕಲಿಸೋಕಾಗಲ್ಲ.”

ಆಟ ಮುಗಿದ ಮೇಲೆ ಹುಡುಗ ಮುಖ ತೊಳೆದುಕೊಂಡು ಬಂದ. ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸು. ನಾವು ಬಂದ ವಿಷಯ ತಿಳಿದು ಅವನಿಗೆ ನಂಬಿಕೆಯೇ ಬರಲಿಲ್ಲ. “ನಿಜಂಗಾ ಅಕ್ಕಾ?” ಎಂದು ತೆಲುಗಿನಲ್ಲಿ ಎರಡು ಸಲ ಕೇಳಿದ. ಆಮೇಲೆ ಮೇಷ್ಟ್ರ ಮುಖ ನೋಡಿ ಕನ್ನಡಕ್ಕೆ ತಿರುಗಿದ. “ನಾನು ಬರ್ತೀನಿ ಸಾರ್. ದಿನಾ ಮಂಡಿಗೆ ಬರೋದೇ ಐತೆ. ಲೋಡ್ ಇಳಿಸಿದ್ಮೇಲೆ ನಂಗೇನು ಕೆಲ್ಸ?”

ಹಿಂತಿರುಗುವ ಬಸ್ಸಿನಲ್ಲಿ ಮೇಷ್ಟ್ರು ಜೇಬಿನಿಂದ ಪಟ್ಟಿ ತೆಗೆದು ಹೆಸರುಗಳನ್ನು ಎಣಿಸಿದರು. ಕೊನೆಗೆ, “ಇವನನ್ನ ಸೇರಿಸ್ಕೊಂಡ್ರೆ ಇಪ್ಪತ್ತೊಂದಾಗತ್ತೆ” ಅಂದರು.

“ಸ್ಟಾಪರನ್ನ ಬಿಡಬೇಕು ಸಾರ್.”

“ನೀವು ಹೇಳೋದು ಸರೀನೇ ಇರ್ಬೋದಮ್ಮ. ಆದ್ರೆ ಅವನು ಮೀಸೆ ಚಿಗುರೋ ಮುಂಚೆ ನನ್ ಹತ್ರ ಬಂದೋನು. ನನ್ ಬಾಯಲ್ಲಿ ಆ ಮಾತು ಬರಲ್ಲ. ಬಿಡಬೇಕು ಅನ್ನೋದಾದ್ರೆ ನೀವೇ ಹೋಗಿ ಹೇಳಿ. ಪಟ್ಟಿ ಹೊರಗೆ ಬರೋಕೆ ಮುಂಚೆ ಹೇಳ್ಬೇಕು, ಅಷ್ಟೇ.”

ನಾನು ಒಪ್ಪಿಕೊಂಡೆ. ಅಷ್ಟು ದಿನ ಜಗಲಿಯಲ್ಲಿ ಕೂತು ಗಟ್ಟಿ ಮಾತಾಡಿದವಳಿಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ.

ಎರಡನೇ ಶನಿವಾರ ಕಚೇರಿಗೆ ರಜೆ. ವಕ್ಕಲೇರಿಗೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ‘ನೀವು ತಂಡಕ್ಕೆ ಇಷ್ಟು ವರ್ಷ ಮಾಡಿದ್ದನ್ನ ಯಾರೂ ಮರೆಯಲ್ಲ’ ಎಂದು ಶುರು ಮಾಡುವುದು. ನಡುವೆ ಮಂಡಿನೋವಿನ ವಿಷಯ ತರುವುದು. ಕೊನೆಯಲ್ಲಿ ಹೇಳಿಬಿಡುವುದು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೊಟ್ಟಿಗೆಯ ಮುಂದೆ ಅವರು ಸೀಮೆಹುಲ್ಲು ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಮಚ್ಚು ಕೆಳಗಿಟ್ಟು ಎದ್ದು ನಿಂತರು. ಹತ್ತಿರದಿಂದ ನಾನು ಅವರನ್ನು ನೋಡಿದ್ದು ಅದೇ ಮೊದಲು. ಮೇಲಿನಿಂದ ಅಷ್ಟು ದೊಡ್ಡದಾಗಿ ಕಾಣುತ್ತಿದ್ದವರು ನನಗಿಂತ ಒಂದು ಗೇಣು ಎತ್ತರವಿದ್ದರು, ಅಷ್ಟೇ. ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು.

“ಅಮ್ಮಾ, ತಾರಸಿ ಮೇಡಂ ಬಂದವ್ರೆ!” ಎಂದು ಒಳಕ್ಕೆ ಕೂಗಿದರು. ತಂಡದಲ್ಲಿ ನನಗೆ ಆ ಹೆಸರಿದೆ ಎಂದು ನನಗೆ ಆಗಲೇ ತಿಳಿದದ್ದು. “ಬನ್ನಿ ಮೇಡಂ, ಬಿಸಿಲಲ್ಲಿ ಯಾಕೆ ನಿಂತ್ರಿ? ಆಟ ಇದ್ದಾಗೆಲ್ಲ ಮೇಲೆ ನಿಮ್ಮನ್ನ ನೋಡ್ತೀವಿ. ನೀವು ಕೂತಿದ್ರೆ ನಮ್ ಹುಡುಗ್ರು ಇವತ್ತು ಮೇಡಂ ಬಂದವ್ರೆ ಸರಿಯಾಗಿ ಆಡ್ರೋ ಅಂತಾರೆ.”

ಅವರ ತಾಯಿ ಮಣೆ ತಂದು ಹಾಕಿದರು. ನಾನು ಪಟ್ಟಿಗೆ ಸೇರಿದ ಯಾವುದೋ ಕೆಲಸಕ್ಕೆ ಬಂದಿದ್ದೇನೆಂದು ಅವರಿಗೆ ಗೊತ್ತಾಗಿತ್ತು. ಏನೆಂದು ಮಾತ್ರ ತಿಳಿದಿರಲಿಲ್ಲ. ಅವರೇ ಮಾತಿಗೆ ತೊಡಗಿದರು.

“ಈ ಸಲ ನಾನು ಬೆಳಗ್ಗೆ ಹಾಲು ಹಾಕಿ ಬಂದ್ಮೇಲೆ ಕೆರೆ ಏರಿ ಮೇಲೆ ಓಡ್ತಾ ಇದೀನಿ ಮೇಡಂ. ಮೂರು ಕೇಜಿ ಇಳಿದಿದೀನಿ. ಆದ್ರೂ ಒಂದು ಮಾತು ಹೇಳ್ತೀನಿ, ಮೇಷ್ಟ್ರಿಗೆ ಹೇಳಿ. ನಂಗೆ ಮುಂಚಿನಂಗೆ ತಿರುಗೋಕಾಗಲ್ಲ. ನನ್ ಪಕ್ಕಕ್ಕೆ ಒಬ್ಬ ಓಡೋನ್ನ ಹಾಕಿ. ನಾನು ನಿಂತ್ಕೊಂಡು ಕೂಗ್ತೀನಿ, ಅವನು ಓಡ್ಲಿ. ಇಬ್ರೂ ಸೇರಿದ್ರೆ ಒಬ್ಬ ಒಳ್ಳೆ ಸ್ಟಾಪರ್ ಆಗ್ತೀವಿ.” ಹೇಳಿ ಅವರೇ ನಕ್ಕರು.

ಅದು ನನಗೆ ಹೊಳೆದೇ ಇರಲಿಲ್ಲ. ಇವರು ಅಥವಾ ಅವನು ಎಂದೇ ಯೋಚಿಸಿದ್ದೆನೇ ಹೊರತು ಇಬ್ಬರೂ ಇರಬಹುದೆಂದು ಅಲ್ಲ. ಪಟ್ಟಿಯಲ್ಲಿದ್ದ ನಾಲ್ಕು ಫಾರ್ವರ್ಡ್‌ಗಳಲ್ಲಿ ಒಬ್ಬನನ್ನು ಬಿಟ್ಟಿದ್ದರೆ ಜಾಗವೂ ಸಿಗುತ್ತಿತ್ತು. ಆದರೆ ಆ ಹೊತ್ತಿಗೆ ನಾನು ನನ್ನ ಪಟ್ಟಿಯನ್ನು ಬಹಳ ಪ್ರೀತಿಸಿಬಿಟ್ಟಿದ್ದೆ. ಅದನ್ನು ಅಳಿಸಿ ಬರೆಯಲು ಮನಸ್ಸಾಗಲಿಲ್ಲ. ಅವರ ಮುಖ ನೋಡಿಕೊಂಡು ಬಂದ ಮಾತು ಹೇಳಲೂ ಆಗಲಿಲ್ಲ. ಹಸುಗಳ ಬಗ್ಗೆ ಕೇಳಿದೆ. ಹಿಂಡಿಯ ಬಗ್ಗೆ ಕೇಳಿದೆ. ಯಲ್ದೂರಿನ ನಮ್ಮ ತೋಪಿನಲ್ಲಿ ಈ ವರ್ಷ ಕಾಯಿ ಹೇಗಿದೆ ಎಂದು ಹೇಳಿದೆ. ಕಾಫಿ ಕುಡಿದೆ. ಹೊರಡುವಾಗ ಅವರ ತಾಯಿ, “ಇರಮ್ಮಾ, ಕುಂಕುಮ ತಗೊಂಡು ಹೋಗು” ಎಂದು ಒಳಗಿನಿಂದ ಬಟ್ಟಲು ತಂದರು. ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆಯ ಜೊತೆಗೆ ಎರಡು ಬಾಳೆಹಣ್ಣು ಕೈಗಿತ್ತರು. ನಾನು ಬಗ್ಗಿ ನಮಸ್ಕಾರ ಮಾಡಿ ಬಸ್ಸು ಹತ್ತಿದೆ.

ಮರುದಿನ ಮೇಷ್ಟ್ರು ಫೋನು ಮಾಡಿದರು. “ಹೇಳಿದ್ರಾಮ್ಮ?”

“ಹ್ಞೂಂ ಸಾರ್” ಅಂದೆ.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇನ್ನೊಂದು ವಾರದೊಳಗೆ ಹೋಗಿ ಹೇಳಿದರಾಯಿತು ಅಂದುಕೊಂಡಿದ್ದೆ ಎನ್ನುವುದು ನಿಜ. ಆದರೆ ಹೋಗಲಿಲ್ಲ ಎನ್ನುವುದೂ ಅಷ್ಟೇ ನಿಜ. ಕಚೇರಿಯಲ್ಲಿ ಕೆಲಸ ಹೆಚ್ಚಿತ್ತು, ಮನೆಗೆ ನೆಂಟರು ಬಂದಿದ್ದರು. ನೆಪಗಳಿಗೆ ಯಾವತ್ತೂ ಬರವಿರುವುದಿಲ್ಲ.

“ಅವನು ಏನಂದ?” ಎಂದು ಅದೇ ಫೋನಿನಲ್ಲಿ ಮೇಷ್ಟ್ರು ಮೆಲ್ಲಗೆ ಕೇಳಿದರು.

“ಏನೂ ಅನ್ಲಿಲ್ಲ ಸಾರ್. ಒಳ್ಳೆಯವರು.”

ಎಂಟನೆಯ ದಿನ ಮಧ್ಯಾಹ್ನ, ನಾನು ಕಚೇರಿಯಲ್ಲಿ ಊಟದ ಡಬ್ಬಿ ತೆಗೆಯುತ್ತಿದ್ದಾಗ, ಮೊಬೈಲಿನಲ್ಲಿ ತಂಡದ ಗ್ರೂಪಿಗೆ ಪಟ್ಟಿ ಬಂತು. ಇಪ್ಪತ್ತು ಹೆಸರು. ಕೆಳಗೆ ಒಬ್ಬೊಬ್ಬರೇ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು. ಚಪ್ಪಾಳೆಗಳ ನಡುವೆ ಒಂದು ಸಾಲು ಬಂತು. ವಕ್ಕಲೇರಿಯವರು ಗ್ರೂಪು ಬಿಟ್ಟು ಹೋಗಿದ್ದರು. ಚಪ್ಪಾಳೆಗಳು ನಿಂತುಹೋದವು. ನಾನು ಡಬ್ಬಿ ಮುಚ್ಚಿಟ್ಟೆ.

ಸಂಜೆ ಮೇಷ್ಟ್ರೇ ಮನೆಗೆ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರವೇ ನಿಂತರು. “ಅವನಿಗೆ ಫೋನ್ ಮಾಡಿದ್ದೆ. ನಿಂಗೆ ಮೇಡಂ ಹೇಳಿದ್ರಲ್ಲ ಅಂದೆ. ಅವನು, ಹೌದು ಸಾರ್ ಹೇಳಿದ್ರು, ನಾನೇ ಮರ್ತಿದ್ದೆ ಅಂದ. ಇಷ್ಟು ವರ್ಷದಲ್ಲಿ ಅವನು ನನ್ ಹತ್ರ ಹೇಳಿದ ಮೊದಲ್ನೇ ಸುಳ್ಳಮ್ಮ ಅದು. ನಿಮ್ಮ ಮಾನ ಉಳಿಸೋಕೆ ಹೇಳ್ದ.”

ಅವರು ಕೋಪಿಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು ಮೆಟ್ಟಿಲಿಳಿದು ಹೋದರು. ನಮ್ಮ ಯಜಮಾನರು ಅಷ್ಟೂ ಕೇಳಿಸಿಕೊಂಡಿದ್ದರು. ಆ ದಿನ ತಮಾಷೆ ಮಾಡಲಿಲ್ಲ. “ನಾಳೆ ನಾನೂ ಬರ್ಲಾ ಜೊತೇಲಿ?” ಅಂದರು. ಬೇಡ ಅಂದೆ.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಅವರು ಡೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದರು, ಕೈಯಲ್ಲಿ ಹಾಲಿನ ಕ್ಯಾನು. ನನ್ನನ್ನು ಕಂಡರೂ ಸಾಲು ಬಿಟ್ಟು ಬರಲಿಲ್ಲ. ಹಾಲು ಅಳೆದು ಹಾಕಿ, ಖಾಲಿ ಕ್ಯಾನು ಬೈಕಿಗೆ ನೇತುಹಾಕಿ, ಆಮೇಲೆ ನನ್ನ ಕಡೆ ತಿರುಗಿದರು. ಮನೆಗೆ ಬನ್ನಿ ಅನ್ನಲಿಲ್ಲ.

“ತಪ್ಪಾಯ್ತು” ಅಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಯಾವುದೂ ನೆನಪಾಗಲಿಲ್ಲ.

“ಟ್ರ್ಯಾಕ್ಟರ್ ಅಂದ್ರಂತೆ” ಅಂದರು. “ಕ್ಯಾಪ್ಟನ್ ಹೇಳ್ದ. ಅದಕ್ಕೆ ಬೇಜಾರಿಲ್ಲ ಮೇಡಂ. ಇರೋದೇ ಹಂಗೆ. ಟೀಮಿಂದ ತೆಗೆದಿದ್ದಕ್ಕೂ ಬೇಜಾರಿಲ್ಲ, ಒಂದಿನ ತೆಗೀಬೇಕಾಗಿತ್ತು. ಆದ್ರೆ ನೀವು ಮನೆ ತನಕ ಬಂದ್ರಿ. ನಮ್ಮಮ್ಮ ಕುಂಕುಮ ಕೊಟ್ಲು. ನೀವು ಹೋದ್ಮೇಲೆ ಬೀದಿಯೋರಿಗೆಲ್ಲ ಹೇಳ್ಕೊಂಡ್ಲು, ನನ್ ಮಗನ್ನ ಕೇಳ್ಕೊಂಡು ಕೋಲಾರದಿಂದ ಆಫೀಸಿನ ಮೇಡಂ ಬಂದಿದ್ರು ಅಂತ. ಈಗ ಅವ್ಳಿಗೆ ನಾನು ಏನ್ ಹೇಳ್ಲಿ? ಅದೊಂದು ಹೇಳಿ ನಂಗೆ.”

ಡೇರಿಗೆ ಬಂದವರು ನಮ್ಮನ್ನು ನೋಡಿಕೊಂಡು ಹೋಗುತ್ತಿದ್ದರು. ಅತ್ತರೆ ಅದೂ ಅವರ ಮೇಲೆ ಹೊರಿಸಿದ ಹಾಗೆ ಎಂದು ತುಟಿ ಕಚ್ಚಿ ತಡೆದುಕೊಂಡೆ. ಅವರೇ, “ಹೋಗ್ಲಿ ಬಿಡಿ. ಮಾಲೂರಿನ ಟೀಮ್ನೋರು ಕರೆದಿದಾರೆ. ಹೋಗ್ತೀನಿ” ಎಂದು ಬೈಕಿನ ಕಿಕ್ಕರ್ ಒದ್ದರು.

“ಅಮ್ಮನ್ನ ನಾನು ನೋಡ್ಬೋದಾ?” ಎಂದು ಕೇಳಿದೆ.

“ನಿಮ್ಮಿಷ್ಟ” ಎಂದು ಅವರು ಬೈಕು ಹತ್ತಿದರು.

ನಡೆದೇ ಹೋದೆ. ತಾಯಿ ಬಾಗಿಲಲ್ಲಿ ಕೂತು ಅಲಸಂದೆ ಕಾಳು ಬಿಡಿಸುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವತ್ತೇ ಹೇಳಬೇಕೆಂದು ಬಂದಿದ್ದೆ, ಧೈರ್ಯ ಬರಲಿಲ್ಲ, ನಿಮ್ಮ ಮಗನದೇನೂ ತಪ್ಪಿಲ್ಲ ಅಂದೆ. ಆಕೆ ಕೈ ನಿಲ್ಲಿಸದೆ ಕೇಳಿದರು. “ಅವನು ಸಣ್ಣೋನಿದ್ದಾಗ ಬಾಲ್ ಒದ್ಕೊಂಡು ಬರ್ತಾ ಕಾಲು ಮುರ್ಕೊಂಡ. ಆಗ್ಲೇ ಬಿಡ್ಲಾ ಅಂದಿದ್ದೆ. ನನ್ ಮಾತು ಕೇಳ್ದೇ ಇದ್ದೋನು ನಿಮ್ ಮಾತು ಕೇಳ್ತಾನಾ?” ಅಂದರು. ಆಮೇಲೆ ಮೊರವನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ನನ್ನ ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ಕೂತು ಕಾಳು ಬಿಡಿಸಿದೆವು.

ಆ ವರ್ಷದ ಲೀಗಿನಲ್ಲಿ ನಮ್ಮ ಎರಡನೆಯ ಪಂದ್ಯ ಮಾಲೂರಿನವರ ಮೇಲೆ, ನಮ್ಮದೇ ಮೈದಾನದಲ್ಲಿ. ನಾನು ತಾರಸಿಗೆ ಹೋಗದೆ ಕೆಳಗಿಳಿದು ಗೆರೆಯ ಪಕ್ಕ, ಮೇಷ್ಟ್ರಿಂದ ಸ್ವಲ್ಪ ದೂರದಲ್ಲಿ ನಿಂತೆ. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಮಾತಿನಲ್ಲಿ ಮುಂಚಿನ ಬಿಸುಪಿರಲಿಲ್ಲ. ನಮ್ಮ ಕಡೆ ಮುಳಬಾಗಿಲಿನ ಹುಡುಗ ಸ್ಟಾಪರ್, ಅವರ ಕಡೆ ವಕ್ಕಲೇರಿಯವರು. ಅವರ ಪಕ್ಕದಲ್ಲಿ ಕಡ್ಡಿಯಂಥ ಒಬ್ಬ ಹುಡುಗ, ಬರೀ ಓಡುವವನು. ಕೊಟ್ಟಿಗೆಯ ಮುಂದೆ ನನಗೆ ಹೇಳಿದ್ದ ಮಾತನ್ನು ಅವರು ಮಾಲೂರಿನವರಿಂದ ಮಾಡಿಸಿಕೊಂಡಿದ್ದರು.

ಕೆಳಗಿನಿಂದ ನೋಡಿದರೆ ಆಟವೇ ಬೇರೆ. ಉಸಿರು ಕೇಳಿಸುತ್ತದೆ. ಮೂಳೆಗೆ ಮೂಳೆ ಬಡಿದದ್ದು ಕೇಳಿಸುತ್ತದೆ. ಖಾಲಿ ಜಾಗ ಎಲ್ಲಿದೆಯೋ ಗೊತ್ತೇ ಆಗುವುದಿಲ್ಲ. ವಕ್ಕಲೇರಿಯವರು ಇಡೀ ಹೊತ್ತು ಹತ್ತು ಹೆಜ್ಜೆಯ ಜಾಗದಲ್ಲೇ ಇದ್ದುಕೊಂಡು, “ಬಿಡಬ್ಯಾಡ್ಲಾ, ಹೋಗು, ಹೋಗು! ಈಗ ನಿಂತ್ಕೋ!” ಎಂದು ಆ ಹುಡುಗನನ್ನು ಓಡಿಸುತ್ತಿದ್ದರು. ಅದೇ ದನಿ, ಬಣ್ಣ ಮಾತ್ರ ಬೇರೆ. ನಮ್ಮ ಹುಡುಗನೂ ಕಡಿಮೆಯೇನಲ್ಲ. ಮಾಲೂರಿನವರು ಎತ್ತಿ ಹಾಕಿದ ಚೆಂಡುಗಳನ್ನೆಲ್ಲ ಓಡಿ ಹಿಡಿದ. ಎರಡು ಸಲ ಮಾತ್ರ ಜಾಗ ಬಿಟ್ಟು ಎಲ್ಲೋ ಹೋಗಿದ್ದ. ಆ ಎರಡೂ ಸಲ ಗೋಲ್‌ಕೀಪರ್ ಕಾಪಾಡಿದ. ಪಂದ್ಯ ಸೊನ್ನೆ ಸೊನ್ನೆಯಲ್ಲಿ ಮುಗಿಯಿತು. ನೋಡಲು ಬಂದವರು ಗೊಣಗಿಕೊಂಡು ಹೋದರು. ಒಂದು ಗೋಲೂ ಇಲ್ಲದ ಆಟ ಯಾರಿಗೆ ಬೇಕು? ನನಗಾದರೆ ಯಾರು ಗೆಲ್ಲಬೇಕೆಂದೇ ಗೊತ್ತಿರಲಿಲ್ಲ.

ಮುಗಿದ ಮೇಲೆ ವಕ್ಕಲೇರಿಯವರು ಮಾಲೂರಿನವರ ಬಸ್ಸಿನ ಕಡೆ ಹೋಗದೆ ನಮ್ಮ ಹುಡುಗನ ಹತ್ತಿರ ಬಂದರು. ಅವನಿಗೆ ಅವರು ಯಾರೆಂದು ಗೊತ್ತಿತ್ತು. ತಾನು ಯಾರ ಜಾಗಕ್ಕೆ ಬಂದವನೆಂಬ ಸಂಕೋಚದಲ್ಲಿ ನಿಂತ. ಅವರು ಅವನ ಎರಡೂ ಭುಜ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಸಿ ನಿಲ್ಲಿಸಿದರು.

“ಇಕ್ಕಡ ನಿಲಬಡು” ಅಂದರು ತೆಲುಗಿನಲ್ಲಿ, ಇಲ್ಲಿ ನಿಲ್ಲು ಅಂತ. “ಬಾಲ್ ನೋಡ್ಬೇಡ್ಲಾ. ಬಾಲ್ ಎಲ್ಲಿಗೂ ಓಡೋಗಲ್ಲ. ನಿನ್ ಹಿಂದೆ ಯಾವನವ್ನೆ ಅಂತ ನೋಡು.”

ಹುಡುಗ ತಲೆಯಾಡಿಸಿದ. ಇನ್ನೊಮ್ಮೆ ತೋರಿಸಿ ಅಂದ. ಅವರು ಇನ್ನೊಮ್ಮೆ ತೋರಿಸಿದರು. ಮೇಷ್ಟ್ರು ಸೀಟಿಯನ್ನು ಕೈಯಲ್ಲಿ ತಿರುವುತ್ತ ದೂರದಿಂದಲೇ ನೋಡುತ್ತಿದ್ದರು.

ನನ್ನ ಪಕ್ಕದಲ್ಲಿ ಹಾದು ಹೋಗುವಾಗ ವಕ್ಕಲೇರಿಯವರು ನಿಂತರು. “ಏನ್ ಮೇಡಂ, ಇವತ್ತು ಕೆಳಗೇ ಇದೀರಾ? ನೋಡಿದ್ರಾ, ಒಂದು ಗೋಲೂ ಬಿಡ್ಲಿಲ್ಲ.”

“ನೋಡ್ದೆ” ಅಂದೆ. “ನೀವು ಹೇಳಿದ್ದೇ ಸರಿ. ನಾನು ಮೇಷ್ಟ್ರಿಗೆ ಆ ಮಾತು ಹೇಳಲೇ ಇಲ್ಲ.”

“ಗೊತ್ತು. ಹೇಳಿದ್ರೆ ಮೇಷ್ಟ್ರು ಕೇಳ್ತಿದ್ರು.” ಅವರು ಸ್ವಲ್ಪ ನಕ್ಕರು. ಪೂರ್ತಿ ನಗುವಲ್ಲ. “ನಮ್ಮಮ್ಮ ಕೇಳ್ತಾ ಇದ್ಲು ನಿಮ್ಮನ್ನ. ಮಾವಿನಕಾಯಿ ಕಾಲಕ್ಕೆ ಬರ್ತೀನಿ ಅಂದಿದ್ರಂತೆ.”

ನಾನು ಹಾಗೆ ಅಂದಿರಲಿಲ್ಲ. ಆದರೂ ಹೌದು ಅಂದೆ.

ನಮ್ಮ ತಂಡ ಆ ವರ್ಷ ಬಿಟ್ಟುಕೊಟ್ಟ ಗೋಲುಗಳು ಹಿಂದಿನ ವರ್ಷಕ್ಕಿಂತ ಎಷ್ಟೋ ಕಡಿಮೆ. ಲೀಗಿನಲ್ಲಿ ನಡುವಿನ ಜಾಗಕ್ಕೆ ಬಂದೆವು. ಮಾಲೂರಿನವರು ನಮಗಿಂತ ಒಂದು ಮೆಟ್ಟಿಲು ಕೆಳಗೆ ನಿಂತರು. ಆದ್ದರಿಂದ ನಾನು ಮಾಡಿದ ಆಯ್ಕೆ ತಪ್ಪೆಂದು ಯಾರೂ ಹೇಳಲಿಲ್ಲ. ನನಗೂ ಅದು ಪೂರ್ತಿ ತಪ್ಪೆಂದು ಅನ್ನಿಸುವುದಿಲ್ಲ. ಮೂವತ್ತಾರು ದಾಟಿದವರ ಜಾಗಕ್ಕೆ ಚಿಕ್ಕವನೊಬ್ಬ ಬರಲೇಬೇಕಿತ್ತು. ನಾನು ತಪ್ಪಿದ್ದು ಬೇರೆ ಕಡೆ. ಮೇಲಿನಿಂದ ನೋಡಿ ಕಲ್ಲು ಸರಿಸಿದ ಹಾಗೆ ಮನುಷ್ಯರನ್ನೂ ಸರಿಸಿಬಿಡಬಹುದು, ಕಲ್ಲಿಗೆ ಯಾರೂ ಹೇಳಿ ಸರಿಸಬೇಕಾಗಿಲ್ಲ ಅಂದುಕೊಂಡಿದ್ದೆ.

ಲೀಗ್ ಮುಗಿದ ಮೇಲೆ ವಕ್ಕಲೇರಿಯವರು ತಾವಾಗಿಯೇ ಆಟ ಬಿಟ್ಟರು. ಮಂಡಿ ಊದಿಕೊಳ್ಳುತ್ತಿತ್ತಂತೆ. ಮಾಲೂರಿನವರಿಗೆ ಮೊದಲು ಹೇಳಿ, ಆಮೇಲೆ ಮೇಷ್ಟ್ರಿಗೆ ಫೋನು ಮಾಡಿದರು. ಮೇಷ್ಟ್ರು ಕೂಡಲೇ ಅವರನ್ನು ಕರೆದರು. ಆ ಬೇಸಿಗೆಯ ಮೊದಲ ಭಾನುವಾರ ಅವರೂ ಜಗಲಿಗೆ ಬಂದರು. ನಾನು ಎದ್ದು ಕುರ್ಚಿ ಕೊಟ್ಟೆ.

“ಪಟ್ಟಿ ಮಾಡೋಕೆ ನೀನೂ ಕೂತ್ಕೋಪ್ಪ. ನಿನ್ನಷ್ಟು ಆಟ ಗೊತ್ತಿರೋರು ಇಲ್ಲಿ ಯಾರವ್ರೆ?” ಅಂದರು ಮೇಷ್ಟ್ರು.

ಅವರು ಕೂರಲಿಲ್ಲ. “ಅದು ಬೇಡ ಸಾರ್. ಯಾರನ್ನ ಬಿಡೋದು ಅಂತ ಹೇಳೋ ಕೆಲ್ಸ ನಂಗೆ ಬೇಡ. ಇರೋರಿಗೆ ಹೇಳ್ಕೊಡು ಅಂದ್ರೆ ಬರ್ತೀನಿ. ಹಿಂದೆ ಆಡೋ ನಾಲ್ಕು ಜನಾನ ನಂಗೆ ಬಿಟ್ಬಿಡಿ.”

ಹಾಗೆಯೇ ಆಯಿತು. ವಾರಕ್ಕೆರಡು ಸಂಜೆ ಡೇರಿಯ ಕೆಲಸ ಮುಗಿಸಿ ಬರುತ್ತಾರೆ. ಮುಳಬಾಗಿಲಿನ ಹುಡುಗ ಮಂಡಿಯಲ್ಲಿ ಲೋಡು ಇಳಿಸಿ, ಎಲ್ಲರಿಗಿಂತ ಮೊದಲೇ ಬಂದು ಕಾದಿರುತ್ತಾನೆ. ಅವರನ್ನು ಅವನು ತೆಲುಗಿನಲ್ಲಿ ಅನ್ನಾ, ಅಣ್ಣ, ಅನ್ನುತ್ತಾನೆ.

ಪಟ್ಟಿಯ ಕೆಲಸ ನನ್ನ ಪಾಲಿಗೇ ಉಳಿಯಿತು. ಕೈಬಿಟ್ಟವರಿಗೆ ಹೇಳುವ ಕೆಲಸವನ್ನೂ ನಾನೇ ಕೇಳಿ ಹಚ್ಚಿಕೊಂಡೆ. ಆ ವರ್ಷ ಕೈಬಿಟ್ಟದ್ದು ಇಬ್ಬರನ್ನು. ಒಬ್ಬ ಪಾಲಿಟೆಕ್ನಿಕ್ಕಿನ ಹುಡುಗ, ನಗುತ್ತಲೇ ಕೇಳಿಸಿಕೊಂಡ. ಇನ್ನೊಬ್ಬ ಶ್ರೀನಿವಾಸಪುರದ ಅಣ್ಣತಮ್ಮಂದಿರಲ್ಲಿ ಅಣ್ಣ. ಅವನ ಊರಿನ ಮಾವಿನ ಮಂಡಿಯ ಮುಂದೆ, ಜನರೆಲ್ಲ ನೋಡುತ್ತಿರುವಂತೆಯೇ ಕೂಗಾಡಿದ. “ತಮ್ಮನ್ನ ಇಟ್ಕೊಂಡು ನನ್ನ ಬಿಡ್ತೀರಾ? ಮನೇಲಿ ಅವನ ಮುಖ ಹೆಂಗೆ ನೋಡ್ಲಿ ನಾನು? ನೀವು ಒಂದಿನ ಆದ್ರೂ ಬಾಲ್ ಒದ್ದಿದೀರಾ?” ಅಂದ.

“ಇಲ್ಲಪ್ಪ” ಅಂದೆ.

ಅವನಿಗೆ ಆ ಉತ್ತರ ಸಾಕಾಗಲಿಲ್ಲ. ಇನ್ನೂ ಬಹಳ ಅಂದ. ಅಷ್ಟನ್ನೂ ನಿಂತು ಕೇಳಿದೆ. ಅವನು ಸುಸ್ತಾಗಿ ಹಣ್ಣಿನ ರಾಶಿಯ ಪಕ್ಕ ಕುಕ್ಕರಿಸಿದಾಗ ನಾನೂ ಅಲ್ಲೇ ಒಂದು ಕ್ರೇಟಿನ ಮೇಲೆ ಕೂತೆ. ಕೋಲಾರಕ್ಕೆ ಹೋಗುವ ಎರಡು ಬಸ್ಸು ನಮ್ಮ ಮುಂದೆಯೇ ಹೋದವು. ಮೂರನೆಯದು ಬರುವ ಹೊತ್ತಿಗೆ ಅವನು ಮೆಲ್ಲಗೆ, ತಮ್ಮನಿಗೆ ಯಾವ ಜಾಗ ಕೊಡುತ್ತೀರಿ ಎಂದು ಕೇಳಿದ. ಬಲಗಡೆ ಅಂದೆ. ಅವನು, ತಮ್ಮನಿಗೆ ಎಡಗಾಲು ಚೆನ್ನಾಗಿ ಬರುತ್ತದೆ, ಎಡಗಡೆ ಹಾಕಿ ನೋಡಿ ಅಂದ.